ಹಾರ್ಕ್ ಎಂಬ ಹೆದರಿಕೆಯ ಕ್ರಿಯಾಪದ

ಮೊನ್ನೆ ಬೆಳಿಗ್ಗೆ ನಮ್ಮ ಪಕ್ಕದ ಬೀದಿಯಲ್ಲಿ ಯಾರದೋ ಮನೆಯ ನಾಮಕರಣಕ್ಕೆ ಚಪ್ಪರ ಹಾಕುತ್ತಿದ್ದರು. ಹುಣಸೂರಿನಲ್ಲಿ ಈಗ ಶಾಮಿಯಾನದವರಿಗೆ ಒಂದು ಫೋನು ಹೋದರೆ ಸಾಕು, ಕಬ್ಬಿಣದ ಕಂಬ, ಬಟ್ಟೆ, ಕುರ್ಚಿ, ಫ್ಯಾನು ಎಲ್ಲವೂ ಗಾಡಿಯಲ್ಲಿ ಬಂದು ಇಳಿಯುತ್ತವೆ. ಆದರೆ ಆ ಮನೆಯ ಅಜ್ಜಿಗೆ ಹಸಿ ಬಿದಿರಿನ ಚಪ್ಪರವೇ ಆಗಬೇಕೆಂದು ಹಟವಂತೆ. ನಾನು ಜಗಲಿಯ ಮೇಲೆ ಕಾಫಿ ಹಿಡಿದು, ಪೇಪರು ಹರಡಿಕೊಂಡು ಕೂತಿದ್ದೆ. ಫಟ್ ಎಂದು ಒಂದು ಗಳ ಸೀಳಿತು. ಅದರ ಹಿಂದೆಯೇ ಹಸಿ ಬಿದಿರಿನ ತಣ್ಣನೆಯ, ಸ್ವಲ್ಪ ಕಹಿಯಾದ ವಾಸನೆ ಬಂತು. ಅಷ್ಟೇ ನೋಡಿ. ಕಾಫಿ ಪೇಪರಿನ ಮೇಲೆ ಚೆಲ್ಲಿತು. ನಾನು ಎದ್ದು ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲ ಕಡೆ ಹುಡುಕುತ್ತ ಹಿತ್ತಲಿಗೆ ಓಡಿದೆ. ನನ್ನ ಹೆಂಡತಿ ರತ್ನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ದಂಟಿನ ಸೊಪ್ಪು ಸೋಸುತ್ತಿದ್ದಳು. ಅವಳಿಗೆ ಕಿವಿ ಕೇಳಿಸುವುದಿಲ್ಲ. ಬಿದಿರು ಸೀಳಿದ್ದೂ ಗೊತ್ತಿಲ್ಲ, ನಾನು ಓಡಿ ಬಂದದ್ದೂ ಗೊತ್ತಿಲ್ಲ. ಅವಳ ಬೆನ್ನು ನೋಡಿ, ಇದ್ದಾಳೆ ಎಂದು ಖಾತ್ರಿ ಮಾಡಿಕೊಂಡು ವಾಪಸ್ಸು ಬಂದೆ.

ಅರವತ್ತು ದಾಟಿದ ಗಂಡಸು ಒಂದು ಬಿದಿರಿನ ಸದ್ದಿಗೆ ಹೀಗೆ ಬೆವರಿದ್ದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು. ನೀವೂ ನಗಬಹುದು, ನನ್ನದೇನೂ ಅಡ್ಡಿಯಿಲ್ಲ. ಎದೆಬಡಿತ ಇಳಿಯಲಿ ಎಂದು ಮತ್ತೆ ಜಗಲಿಯಲ್ಲಿ ಕೂತಾಗ ನನ್ನ ಬಾಯಿಗೆ ದೇವರ ಹೆಸರು ಬರಲಿಲ್ಲ. ಒಂದು ಇಂಗ್ಲಿಷ್ ಕ್ರಿಯಾಪದ ಬಂತು. ಹಾರ್ಕ್. ಈಗ ಯಾರೂ ಬಳಸದ, ಇಂಗ್ಲಿಷರೇ ಅಟ್ಟಕ್ಕೆ ಎಸೆದಿರುವ ಒಂದು ಹಳೆಯ ಪದ. ಅದು ನನ್ನಂಥವನ ಬಾಯಲ್ಲಿ ಹೇಗೆ ಉಳಿದುಕೊಂಡಿತು ಎಂಬುದನ್ನು ಹೇಳುತ್ತೇನೆ. ತುಸು ಸುತ್ತುದಾರಿ, ಸಾವಧಾನವಾಗಿ ಬನ್ನಿ.

ನಾನು ಇಂಗ್ಲಿಷ್ ಮೇಷ್ಟ್ರು ಆದದ್ದು ನನ್ನ ಇಷ್ಟದಿಂದಲ್ಲ. ಕನ್ನಡ ಮೇಷ್ಟ್ರ ಜಾಗ ಖಾಲಿ ಇರಲಿಲ್ಲ, ಇಂಗ್ಲಿಷಿನದು ಇತ್ತು. ನಮ್ಮ ಊರು ಚುಂಚನಕಟ್ಟೆಯ ಹತ್ತಿರ. ಮಳೆಗಾಲದಲ್ಲಿ ಕಾವೇರಿ ಧುಮುಕುವ ಸದ್ದು ನಮ್ಮ ಗದ್ದೆಯವರೆಗೂ ಕೇಳುತ್ತಿತ್ತು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಮನೆಯವರ ಗಂಟಲೆಲ್ಲ ಜೋರು. ಊಟಕ್ಕೆ ಕರೆಯುವುದಕ್ಕೂ ಜಗಳಕ್ಕೂ ನಮ್ಮಲ್ಲಿ ಒಂದೇ ದನಿ. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಮದುವೆ ಮಾತುಕತೆ ಮುಗಿಸಿದವರು ನಾವು. ಅಂಥಲ್ಲಿ ಬೆಳೆದ ನಾನು ಒಂದು ಗಳಿಗೆ ಸುಮ್ಮನೆ ಕೂತವನಲ್ಲ. ಕೇಳುವವರಿದ್ದರೂ ಮಾತು, ಇಲ್ಲದಿದ್ದರೂ ಮಾತು. ಮಾತಿನ ಜೊತೆಗೆ ಕೈಯೂ ಆಡಬೇಕು. ಊಟಕ್ಕೆ ಕೂತಾಗ ನನ್ನ ಬಲಗಡೆ ಕೂರಲು ನೆಂಟರು ಹಿಂದೆಮುಂದೆ ನೋಡುತ್ತಾರೆ, ಸಾರು ಯಾವಾಗ ಅವರ ಮೈಮೇಲೆ ಹಾರುತ್ತದೋ ಹೇಳುವಂತಿಲ್ಲ.

ಇಂಥವನನ್ನು ಇಲಾಖೆ ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಹೈಸ್ಕೂಲಿಗೆ ಹಾಕಿತು. ಊರಿನ ಹೆಸರು ಬೇಡ. ಬೀಚನಹಳ್ಳಿಯ ಅಣೆಕಟ್ಟು ದಾಟಿ ಬಸ್ಸು ಇನ್ನೂ ಮುಂದಕ್ಕೆ ಹೋಗುತ್ತಿತ್ತು ಎಂದರೆ ಸಾಕು. ಉಳಿದ ಮೇಷ್ಟ್ರುಗಳೆಲ್ಲ ಕೋಟೆಯಲ್ಲಿ ಮನೆ ಮಾಡಿ ಮೋಟಾರುಬೈಕಿನಲ್ಲಿ ಓಡಾಡುತ್ತಿದ್ದರು. ನನಗೆ ಬೈಕು ಬರುವುದಿಲ್ಲ. ಕಲಿಸಲು ಬಂದವರ ಜೊತೆ ಮಾತಿಗಿಳಿದು ಎರಡು ಸಲ ಚರಂಡಿಗೆ ಹೋದ ಮೇಲೆ ಆ ಆಸೆ ಬಿಟ್ಟೆ. ಹಾಗಾಗಿ ಶಾಲೆಯ ಕಾಂಪೌಂಡಿನೊಳಗೇ ಇದ್ದ ಹೆಂಚಿನ ಕ್ವಾರ್ಟರ್ಸಿನಲ್ಲಿ ನಾನೂ ರತ್ನಳೂ ಸಂಸಾರ ಹೂಡಿದೆವು.

ಬಸ್ಸು ನಿಲ್ಲುತ್ತಿದ್ದ ಡಾಂಬರು ರಸ್ತೆಯಿಂದ ಶಾಲೆಗೆ ಒಂದು ಕಾಲುದಾರಿ. ಅದೇ ದಾರಿ ಶಾಲೆ ದಾಟಿ ಹಾಡಿಗೆ, ಎಂದರೆ ಕಾಡಿನ ಜನ ಇರುವ ಸಣ್ಣ ಕೇರಿಗೆ, ಹೋಗುತ್ತಿತ್ತು. ದಾರಿಯ ಒಂದು ಪಕ್ಕ ಹುರುಳಿ, ರಾಗಿಯ ಹೊಲಗಳು. ಇನ್ನೊಂದು ಪಕ್ಕ ಕಾಡು. ನಡುವೆ ಆನೆಗಳು ದಾಟದಿರಲೆಂದು ತೋಡಿದ ಕಂದಕವಿತ್ತು. ಮಳೆಗೆ ಅದು ಅಲ್ಲಲ್ಲಿ ಕುಸಿದು, ಆನೆಗಳಿಗೆ ಮೆಟ್ಟಿಲು ಕಟ್ಟಿಕೊಟ್ಟ ಹಾಗಾಗಿತ್ತು.

ಮೊದಲ ದಿನ ಸಂಜೆ ನಾನು ಆ ದಾರಿಯಲ್ಲಿ ಹೋದದ್ದು ಹಾಡಿಯ ಜನರ ಗುಂಪಿನ ಜೊತೆ. ಕೂಲಿ ಮುಗಿಸಿ, ಅಂಗಡಿ ಸಾಮಾನು ಕೊಂಡು ಬಸ್ಸಿಳಿದವರು ಹತ್ತು ಹನ್ನೆರಡು ಮಂದಿ. ಎಲ್ಲರಿಗಿಂತ ಮುಂದೆ ಮಾದಮ್ಮ. ನಮ್ಮ ಶಾಲೆಯ ಬಿಸಿಯೂಟ ಬೇಯಿಸುತ್ತಿದ್ದವಳು. ನಾನು ಅಭ್ಯಾಸದಂತೆ ನನ್ನ ಪ್ರವರ ಶುರು ಮಾಡಿದ್ದೆ, ಊರು, ಮನೆತನ, ಬೆಲ್ಲದ ರೇಟು ಎಲ್ಲ. ಹುಣಸೇಮರ ಬಂತು. ಮಾದಮ್ಮ ನಿಂತುಬಿಟ್ಟಳು. ಹಿಂದಿನವರೆಲ್ಲ ಇದ್ದಲ್ಲೇ ನಿಂತರು. ಯಾರೂ ಕೈ ಎತ್ತಲಿಲ್ಲ, ಶ್ ಎನ್ನಲಿಲ್ಲ. ನಾನೊಬ್ಬನೇ ಮಾತಾಡುತ್ತಿದ್ದೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನುವಂತೆ ಕೇಳಿಸಿದಾಗ ಬಾಯಿ ಮುಚ್ಚಿದೆ. ಆಗ ಸುತ್ತಲೂ ಎಷ್ಟು ಸದ್ದಿಲ್ಲ ಎಂಬುದು ತಿಳಿಯಿತು. ಒಂದಷ್ಟು ಹೊತ್ತು ಹಾಗೇ ನಿಂತಿದ್ದು, ಮಾದಮ್ಮ ನಡೆದಳು. ಎಲ್ಲರೂ ನಡೆದರು.

ಆ ದಾರಿಯಲ್ಲಿ ಇಂಥ ನಿಲುಗಡೆಗಳು ಮೂರಿದ್ದವು. ಮೊದಲು ಹುಣಸೇಮರ. ಆಮೇಲೆ ಬಿದಿರುಮೆಳೆ. ಕೊನೆಗೆ ಕೆರೆಯ ಏರಿ ಕಾಣುವ ತಿರುವು. ಸದ್ದು ಬಂದರೆ ನಿಲ್ಲುವುದಲ್ಲ. ಸದ್ದಿರಲಿ ಬಿಡಲಿ, ಅಲ್ಲಿ ನಿಲ್ಲಲೇಬೇಕು. ಅಂಗಡಿಯ ಪ್ಲಾಸ್ಟಿಕ್ ಕವರು ಸರಪರ ಎನ್ನದಿರಲೆಂದು ಹೆಂಗಸರು ಸಾಮಾನನ್ನು ಸೆರಗಿನಲ್ಲಿ ಕಟ್ಟಿ ಎದೆಗೆ ಒತ್ತಿಕೊಳ್ಳುತ್ತಿದ್ದರು. ಟಿಫನ್ ಕ್ಯಾರಿಯರಿನ ಡಬ್ಬಿಗಳ ನಡುವೆ ಬಟ್ಟೆ ತುರುಕುತ್ತಿದ್ದರು. ಆನೆ ಎಂಬ ಮಾತನ್ನು ಅಲ್ಲಿ ಆಡುವಂತಿರಲಿಲ್ಲ, 'ದೊಡ್ಡೋರು' ಎನ್ನಬೇಕು. ಮೂರೂ ನಿಲುಗಡೆ ಕಳೆದ ಮೇಲೆ ಎಲ್ಲರಿಗಿಂತ ಹಿಂದೆ ಇದ್ದವರು 'ದಾರಿ ಸಿಕ್ತು' ಎನ್ನುತ್ತಿದ್ದರು. ಅದಾದ ಮೇಲೆ ಕೆಮ್ಮಬಹುದು, ನಗಬಹುದು, ಬೀಡಿ ಹಚ್ಚಬಹುದು. ಮಾದಮ್ಮನಿಗೆ ಕಾಡೆಲ್ಲ ಅಂಗೈಯಲ್ಲಿತ್ತು ಎಂದು ನೀವು ತಿಳಿಯಬೇಡಿ. ಒಂದು ಸಂಜೆ ಬಿದಿರುಮೆಳೆಯಲ್ಲಿ ಏನೋ ಉಸಿರಾಡಿತೆಂದು ನಮ್ಮನ್ನೆಲ್ಲ ಕಾಲು ಮರಗಟ್ಟುವವರೆಗೆ ನಿಲ್ಲಿಸಿದಳು. ಕೊನೆಗೆ ಹೊರಬಂದದ್ದು ಅವಳ ಮನೆಯದೇ ಹಸು. ಅವಳು ಅದಕ್ಕೆ ಹಾಡಿ ಮುಟ್ಟುವವರೆಗೂ ಬಯ್ದಳು. ಅವಳೂ ನನ್ನಷ್ಟೇ ಹೆದರುತ್ತಿದ್ದಳು. ಆದರೆ ಹೆದರಿಕೆಯನ್ನು ಇಂಥಿಂಥ ಕಡೆ ನಿಂತು ಪಡಬೇಕು ಎಂಬ ಕ್ರಮ ಅವರಿಗಿತ್ತು, ನನಗಿರಲಿಲ್ಲ. ನಾನು ಶಾಲೆ ಬಿಟ್ಟಾಗಿನಿಂದ ಹಾಸಿಗೆ ಸೇರುವವರೆಗೂ ಒಂದೇ ಸಮನೆ ಹೆದರುತ್ತಿದ್ದೆ.

ಇನ್ನು ಆ ಕ್ರಿಯಾಪದಕ್ಕೆ ಬರೋಣ. ಒಂಬತ್ತನೇ ತರಗತಿಗೆ ಒಂದು ಪದ್ಯದ ಪಾಠ ಮಾಡಬೇಕಾಗಿತ್ತು. ಅದರ ಒಂದು ಸಾಲು ಹಾರ್ಕ್ ಎಂದು ಶುರುವಾಗುತ್ತಿತ್ತು. ಗೈಡಿನಲ್ಲಿ ಲಿಸನ್ ಎಂದು ಅರ್ಥ ಕೊಟ್ಟಿದ್ದರು. ನಾನು ಅದನ್ನೇ ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು, ಹಿಯರ್ ಅಂದರೂ ಕೇಳು, ಲಿಸನ್ ಅಂದರೂ ಕೇಳು, ಇದೂ ಕೇಳು ಅಂತೀರಲ್ಲ ಸಾ, ಒಂದೇ ಕೆಲಸಕ್ಕೆ ಅವರಿಗೆ ಇಷ್ಟೊಂದು ಪದ ಯಾಕೆ ಬೇಕು ಎಂದು ಕೇಳಿದಳು. ಇಂಥ ಪ್ರಶ್ನೆ ಬಂದಾಗ ಮೇಷ್ಟ್ರುಗಳು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಒಳ್ಳೆಯ ಪ್ರಶ್ನೆ, ನಾಳೆ ನೋಡೋಣ ಎಂದೆ.

ಸ್ಟಾಫ್ ರೂಮಿನ ನಿಘಂಟು ತೆಗೆದರೆ ಅದರಲ್ಲಿ ಕಿವಿಗೊಡು, ಆಲಿಸು ಎಂದಿತ್ತು, ಪಕ್ಕದಲ್ಲಿ ಪ್ರಾಚೀನ ಪ್ರಯೋಗ ಎಂದು ಸಣ್ಣಕ್ಷರದಲ್ಲಿ ಹಾಕಿದ್ದರು. ಕನ್ನಡ ಮೇಷ್ಟ್ರನ್ನು ಕೇಳಿದೆ. ಆಲಿಸು ಎಂಬುದು ಸಂಗೀತ ಕೇಳುವುದಕ್ಕೂ ಬರುತ್ತದೆ, ಹಿರಿಯರ ಮಾತಿಗೂ ಬರುತ್ತದೆ, ಸುಖವಾದ ಪದ ಎಂದರು. ಆ ಸಾಲಿನ ಹಾರ್ಕ್ ಸುಖವಾದ ಪದವಾಗಿರಲಿಲ್ಲ. ಮೈಸೂರಿಗೆ ಹೋದಾಗ ಒಂದು ದೊಡ್ಡ ನಿಘಂಟು ಹುಡುಕಿ ಓದಿದೆ. ಆ ಪದವನ್ನು ಹೆಚ್ಚಾಗಿ ಬಳಸುವುದು ಅಪ್ಪಣೆಯಾಗಿ. ನಿನ್ನೆ ನಾನು ಹಾರ್ಕ್ ಮಾಡಿದೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಜೊತೆಗಿದ್ದವರಿಗೆ ಒಬ್ಬರು ಹಾರ್ಕ್ ಎನ್ನುತ್ತಾರೆ, ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಹಳೆಯ ಕಾವ್ಯಗಳಲ್ಲಿ, ನಾಟಕಗಳಲ್ಲಿ, ಕತ್ತಲಾಗುತ್ತ ಬಂದಾಗ, ಕೋಟೆಯ ಗೋಡೆಯ ಆಚೆ ಏನೋ ಸರಿದಾಗ, ನಾಯಿ ಬೊಗಳಿದಾಗ ಈ ಪದ ಬರುತ್ತದೆ.

ಅದನ್ನು ಓದುತ್ತಿದ್ದ ಹಾಗೆ ನನಗೆ ಮಾದಮ್ಮನ ನಿಲುಗಡೆಯ ನೆನಪಾಯಿತು. ಮಾರನೆಯ ದಿನ ತರಗತಿಯಲ್ಲಿ ಹೇಳಿದೆ. ಹಿಯರ್ ಎಂದರೆ ಕಿವಿಗೆ ಬೀಳುವುದು. ಲಿಸನ್ ಎಂದರೆ ಕಿವಿಗೆ ಬಿದ್ದದ್ದನ್ನು ಮನಸ್ಸಿಟ್ಟು ಕೇಳುವುದು. ಹಾರ್ಕ್ ಎಂದರೆ ಹುಣಸೇಮರದ ಹತ್ತಿರ ನಿಮ್ಮ ಮಾದಮ್ಮ ಮಾಡುತ್ತಾಳಲ್ಲ, ಅದು. ಏನಿದೆಯೋ ಇನ್ನೂ ಗೊತ್ತಿಲ್ಲ, ಆದರೆ ಇರಬಹುದು ಎಂದು ಮೈಯೆಲ್ಲ ನಿಲ್ಲಿಸುವುದು. ಮಕ್ಕಳು ನಗಲಿಲ್ಲ. ಅವರು ದಿನಾ ಅದೇ ದಾರಿಯಲ್ಲಿ ಓಡಾಡುವವರು. ನಾನು ಬೋರ್ಡಿನ ಕಡೆ ತಿರುಗಿ ಹಾರ್ಕ್ ಎಂದೆ, ಇಡೀ ತರಗತಿ ಉಸಿರು ಹಿಡಿದು ಕೂತುಬಿಟ್ಟಿತು. ನನ್ನ ತರಗತಿಯಿಂದ ಸದ್ದೇ ಇಲ್ಲವೆಂದು ಹೆಡ್‌ಮೇಷ್ಟ್ರು ಗಾಬರಿಯಾಗಿ ಬಂದು ಬಾಗಿಲಲ್ಲಿ ಇಣುಕಿದರು. ನನ್ನ ಮೇಷ್ಟ್ರಗಿರಿಯಲ್ಲಿ ಒಂದು ಪದ ಇಷ್ಟು ಚೆನ್ನಾಗಿ ಅರ್ಥವಾದದ್ದು ಅದೊಂದೇ ಎಂದು ಕಾಣುತ್ತದೆ.

ಆದರೆ ನನ್ನ ಮನೆಯಲ್ಲೇ ಆ ಪದದ ಅರ್ಥಕ್ಕೆ ಹೊಂದದ ಒಬ್ಬಳು ಇದ್ದಳು. ರತ್ನ ಪಿರಿಯಾಪಟ್ಟಣದ ಕಡೆಯವಳು, ಹೊಗೆಸೊಪ್ಪು ಬೆಳೆಯುವ ಮನೆಯ ಮಗಳು. ಮದುವೆಯಾದ ಕೆಲವು ವರ್ಷಕ್ಕೆ ಒಂದು ಕೆಟ್ಟ ಜ್ವರ ಬಂದು, ಹೋಗುವಾಗ ಅವಳ ಕಿವಿಯನ್ನು ಅರೆಬರೆ ಕೊಂಡೊಯ್ದಿತ್ತು. ಉಳಿದದ್ದು ಚೂರುಚೂರಾಗಿ ಹೋಗುತ್ತ ಬಂತು. ನಾವು ಕಾಡಂಚಿಗೆ ಹೋಗುವ ಹೊತ್ತಿಗೆ, ಎದುರು ನಿಂತು ಜೋರಾಗಿ ಹೇಳಿದರೆ ತಿಳಿಯುತ್ತಿತ್ತು, ಬೆನ್ನ ಹಿಂದಿನದು ಏನೂ ತಿಳಿಯುತ್ತಿರಲಿಲ್ಲ. ಬಾಯಿಬಡುಕನಿಗೆ ಕಿವಿ ಕೇಳದ ಹೆಂಡತಿ, ದೇವರು ಅಳೆದು ಕೊಟ್ಟಿದ್ದಾನೆ ಎಂದು ನೆಂಟರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ನನಗೆ ನಗು ಬರುತ್ತಿರಲಿಲ್ಲ. ಅವಳು ಬಾವಿಕಟ್ಟೆಯ ಹತ್ತಿರ ಇದ್ದರೆ ಹಿಂದಿನಿಂದ ಎತ್ತು ಬಂದೀತು ಎಂಬ ಭಯ, ರಸ್ತೆ ದಾಟುವಾಗ ಲಾರಿಯ ಭಯ. ಈ ದಾರಿಯಲ್ಲಂತೂ ನಾನು ಅವಳನ್ನು ಒಬ್ಬಳೇ ಬಿಡುತ್ತಿರಲಿಲ್ಲ. ಅವಳು ತವರಿಗೆ ಹೋಗಿ ಬಂದಾಗಲೆಲ್ಲ ಬಸ್ಸಿನ ಹತ್ತಿರ ಹೋಗಿ ನಿಂತಿರುತ್ತಿದ್ದೆ.

ಗುಂಪಿನ ಜೊತೆ ಬರುವಾಗ ಅವಳೂ ಮೂರೂ ಕಡೆ ನಿಲ್ಲುತ್ತಿದ್ದಳು. ಎಲ್ಲರಿಗಿಂತ ಗಟ್ಟಿಯಾಗಿ ನಿಲ್ಲುತ್ತಿದ್ದಳು. ನಿನಗೆ ಹೇಗೂ ಕೇಳಿಸುವುದಿಲ್ಲ, ಇಷ್ಟೊಂದು ಶ್ರದ್ಧೆ ಯಾಕೆ ಎಂದು ಒಮ್ಮೆ ಕೇಳಿದ್ದೆ. ಎಲ್ಲರೂ ನಿಂತರೆ ನಾನೂ ನಿಲ್ಲುತ್ತೇನೆ ಎಂದಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಆ ದಿನ ಅವಳು ತವರಿನಿಂದ ವಾಪಸ್ಸು ಬರುವವಳಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಅಂಗಿ ಬದಲಾಯಿಸಿ ಹೊರಡಬೇಕು ಎನ್ನುವಷ್ಟರಲ್ಲಿ, ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಯಿಂದ ಸೈಕಲ್ಲಿನಲ್ಲಿ ಬಂದ ಒಬ್ಬರು, ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿದೆ, ರಿಪೇರಿಯವನು ಬರಬೇಕಂತೆ, ಇವತ್ತು ಅದು ಇತ್ತ ಬರುವ ಹಾಗೆ ಕಾಣೆ ಎಂದರು. ನನಗೆ ಒಂದು ರೀತಿಯಲ್ಲಿ ಸಮಾಧಾನವೇ ಆಯಿತು. ಹಾಗಾದರೆ ಅವಳು ಕೋಟೆಯಲ್ಲಿ ತನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದು ನಾಳೆ ಬರುತ್ತಾಳೆ ಎಂದುಕೊಂಡೆ. ಫೋನು ಮಾಡೋಣವೆಂದರೆ ಅಲ್ಲಿ ಸಿಗ್ನಲ್ ಇರಲಿಲ್ಲ, ಇದ್ದರೂ ಅವಳಿಗೆ ಫೋನಿನಲ್ಲಿ ಕೇಳುತ್ತಿರಲಿಲ್ಲ. ನಾನು ಶಾಲೆಯ ಗೇಟಿನ ಬಳಿ ನಿಂತು, ಬೋರ್‌ವೆಲ್ಲಿಗೆ ನೀರಿಗೆಂದು ಬಂದಿದ್ದ ಮಾದಮ್ಮನ ಜೊತೆ ಹರಟುತ್ತಿದ್ದೆ. ಶಾಲೆ ದಿಬ್ಬದ ಮೇಲಿತ್ತು. ಗೇಟಿನಿಂದ ನೋಡಿದರೆ ಇಳಿಜಾರಿನಲ್ಲಿ ಮೊದಲು ಕೆರೆಯ ತಿರುವು, ಅದರಾಚೆ ಬಿದಿರುಮೆಳೆ, ಅದಕ್ಕೂ ಆಚೆ ಹುಣಸೇಮರ ಕಾಣುತ್ತಿತ್ತು. ಬಿಸಿಲು ಇಳಿದಿದ್ದರೂ ಬೆಳಕು ಚೆನ್ನಾಗಿತ್ತು.

ಬಿದಿರು ಮುರಿದ ಸದ್ದು ಬಂತು. ಫಟ್ ಎಂದು ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಮಾದಮ್ಮ ಕೊಡ ಕೆಳಗಿಟ್ಟಳು. ಮೆಳೆಯ ಮೇಲ್ಭಾಗ ಅಲುಗಿತು, ಮಣ್ಣು ಬಳಿದುಕೊಂಡ ಒಂದು ಬೆನ್ನು ಸರಿಯಿತು. ಅದರ ಕಾಲ ಬಳಿ ಸಣ್ಣದೊಂದು ಬೆನ್ನು. ಮರಿ ಜೊತೆಗಿದೆ ಎಂದು ಮಾದಮ್ಮ ಮೆಲ್ಲಗೆ ಹೇಳಿದಳು. ಮರಿಯಿರುವ ತಾಯಿಯ ಎದುರು ಸಿಕ್ಕವರ ಕತೆ ಏನಾಗುತ್ತದೆ ಎಂಬುದನ್ನು ಆ ಊರಿನಲ್ಲಿ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಆದರೆ ನಾವು ದಿಬ್ಬದ ಮೇಲಿದ್ದೆವು, ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ನನಗೆ ಭಯದ ಜೊತೆ ಒಂದು ತೆರನ ಖುಷಿಯೂ ಇತ್ತು. ಇದನ್ನು ರತ್ನಳಿಗೆ ಹೇಗೆ ಬಣ್ಣಿಸಬೇಕು ಎಂದು ಆಗಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ಆಗ ಹುಣಸೇಮರದಾಚೆ ಹಸಿರು ಸೀರೆ ಕಂಡಿತು.

ಬಸ್ಸು ರಿಪೇರಿಯಾಗಿ ಬಂದಿತ್ತು. ಗುಂಪಿನವರು ಯಾರೂ ಅದರಲ್ಲಿರಲಿಲ್ಲ, ಕಾದು ಸಾಕಾಗಿ ಬೇರೆ ಗಾಡಿ ಹಿಡಿದಿದ್ದರು. ರತ್ನ ಇಳಿದಿದ್ದಾಳೆ, ನನ್ನನ್ನು ಕಾದಿದ್ದಾಳೆ, ಬೆಳಕು ಇರುವಾಗಲೇ ಮನೆ ಸೇರೋಣವೆಂದು ಒಬ್ಬಳೇ ಹೊರಟಿದ್ದಾಳೆ. ಇವೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಇಷ್ಟೇ. ಅವಳು ಬರುತ್ತಿದ್ದಾಳೆ, ಕೈಯಲ್ಲಿ ಚೀಲ ಇದೆ, ಮುಖ ತಗ್ಗಿಸಿ ಕಾಲುದಾರಿ ನೋಡುತ್ತ ಬರುತ್ತಿದ್ದಾಳೆ. ಬಿದಿರು ಇನ್ನೊಮ್ಮೆ ಮುರಿಯಿತು. ದಿಬ್ಬದ ಮೇಲಿದ್ದ ನನ್ನ ಎದೆಯಲ್ಲಿ ಅದು ಗುದ್ದಿತು. ಅವಳು ತಲೆ ಎತ್ತಲಿಲ್ಲ.

ಕೂಗಬೇಕೆಂದು ನಾನು ಉಸಿರು ಎಳೆದುಕೊಂಡೆ. ಮಾದಮ್ಮ ನನ್ನ ರಟ್ಟೆ ಹಿಡಿದಳು.

"ಕೂಗಬ್ಯಾಡಿ ಮೇಷ್ಟ್ರೇ. ಅಮ್ಮಾವ್ರಿಗೆ ಕೇಳಕಿಲ್ಲ, ದೊಡ್ಡೋರ್ಗೆ ಕೇಳ್ತದೆ."

ನಿಜ ಹೇಳುತ್ತೇನೆ, ಅವಳು ಹಿಡಿಯದಿದ್ದರೂ ಕೂಗು ಬರುತ್ತಿರಲಿಲ್ಲವೇನೋ. ಗಂಟಲು ಒಣಗಿ ಹೋಗಿತ್ತು. ಗದ್ದೆಯಿಂದ ಗದ್ದೆಗೆ ಕೂಗಿ ಬೆಳೆದ ಗಂಟಲು ಒಂದು ಮಾತಿಗೂ ಆಗದೆ ಹೋಯಿತು. ಓಡೋಣವೆಂದರೆ ನಡುವೆ ಅವೇ ಇವೆ. ನನ್ನ ಹೆಂಡತಿ ಸಾವಿನ ಕಡೆಗೆ ಚೀಲ ಹಿಡಿದುಕೊಂಡು ನಡೆದು ಬರುತ್ತಿದ್ದಾಳೆ, ನಾನು ನೋಡುತ್ತ ನಿಂತಿದ್ದೇನೆ. ಆ ಹೊತ್ತಿನಲ್ಲಿ ನಾನು ಯಾವ ದೇವರಿಗೂ ಹರಕೆ ಹೊತ್ತುಕೊಳ್ಳಲಿಲ್ಲ, ಅಷ್ಟು ಬುದ್ಧಿಯೂ ಓಡಲಿಲ್ಲ. ನಿಲ್ಲು, ನಿಲ್ಲು ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. ಅದು ಕನ್ನಡದಲ್ಲಿತ್ತೋ ಇಂಗ್ಲಿಷಿನಲ್ಲಿತ್ತೋ ಗೊತ್ತಿಲ್ಲ.

ಅವಳು ಹುಣಸೇಮರದ ಹತ್ತಿರ ನಿಂತಳು. ಗುಂಪಿಲ್ಲ, ಮುಂದೆ ಮಾದಮ್ಮ ಇಲ್ಲ, ಆದರೂ ನಿಂತಳು. ಆದರೆ ಅವಳು ಸ್ವಲ್ಪ ಹೊತ್ತು ನಿಂತು ಮತ್ತೆ ಹೊರಟಳು. ನೆರಳಿನಿಂದ ಹೊರಗೆ, ಮೆಳೆಯ ಕಡೆಗೆ ಒಂದಷ್ಟು ಹೆಜ್ಜೆ ಇಟ್ಟಳು. ಮೆಳೆಯಲ್ಲಿ ಆ ದೊಡ್ಡ ಬೆನ್ನು ಅಲುಗುವುದನ್ನು ನಿಲ್ಲಿಸಿತು, ಕಿವಿ ಅಗಲವಾದವು. ಅದೂ ಆಲಿಸುತ್ತಿತ್ತು. ಆಗ ಏನಾಯಿತೋ, ರತ್ನ ಅಲ್ಲೇ ನಿಂತಳು. ತಲೆ ಎತ್ತಿದ್ದಳು. ಮೆಲ್ಲಗೆ, ಹಿಂದು ಹಿಂದಕ್ಕೇ ಹೆಜ್ಜೆ ಇಟ್ಟು ಮತ್ತೆ ಹುಣಸೇಮರದ ಕಾಂಡಕ್ಕೆ ಒರಗಿ, ಮರದ ಒಂದು ತುಂಡಿನ ಹಾಗೆ ನಿಂತುಬಿಟ್ಟಳು.

ಎಷ್ಟು ಹೊತ್ತು ಎಂದು ನನ್ನನ್ನು ಕೇಳಬೇಡಿ. ತಾಯಿ ಆನೆ ಮರಿಯನ್ನು ಸೊಂಡಿಲಿನಿಂದ ಮುಂದಕ್ಕೆ ತಳ್ಳಿ, ದಾರಿ ದಾಟಿ, ಕೆರೆಯ ಕಡೆ ಇಳಿಯಿತು. ಅದು ಏರಿಯಾಚೆ ಮರೆಯಾಗಿ, ಬೆಳಕೂ ಮಸುಕಾದ ಮೇಲೆ ಮಾದಮ್ಮ ನನ್ನ ರಟ್ಟೆ ಬಿಟ್ಟಳು. ಅಲ್ಲಿ ಅವಳ ಬೆರಳಿನ ಗುರುತು ಮೂಡಿತ್ತು. ನಾವಿಬ್ಬರೂ ಹೋಗಿ ರತ್ನಳನ್ನು ಕರೆತಂದೆವು. ಮಾದಮ್ಮ ಹಿಂದೆ ನಡೆದು, ಗೇಟು ಬಂದಾಗ 'ದಾರಿ ಸಿಕ್ತು' ಎಂದಳು. ಮನೆ ಒಳಗೆ ಹೋದ ಮೇಲೆ ನಾನು ರತ್ನಳ ಮೇಲೆ ರೇಗಿದೆ, ಒಬ್ಬಳೇ ಬಂದದ್ದಕ್ಕೆ. ಅವಳು ಅನ್ನಕ್ಕೆ ಇಟ್ಟಳು. ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಮುಂದಿನ ವರ್ಷ ಹಟ ಹಿಡಿದು ಹುಣಸೂರಿಗೆ ವರ್ಗ ಮಾಡಿಸಿಕೊಂಡೆ.

ಊರು ಬಿಟ್ಟರೂ ಆ ಸಂಜೆ ನನ್ನನ್ನು ಬಿಡಲಿಲ್ಲ. ಹುಣಸೂರಿಗೆ ಬಂದ ಮೇಲೆ ರತ್ನಳ ಕಿವಿ ಪೂರ್ತಿಯಾಗಿಯೇ ಹೋಯಿತು. ಡಾಕ್ಟರು ಕೊಟ್ಟ ಮಿಷಿನ್ನಿನಿಂದಲೂ ಉಪಯೋಗವಾಗಲಿಲ್ಲ. ಮನೆಯಲ್ಲಿ ಅವಳನ್ನು ಕರೆಯುತ್ತೇನೆ, ಉತ್ತರ ಬರುವುದಿಲ್ಲ. ಬರುವುದಿಲ್ಲ ಎಂಬುದು ಗೊತ್ತು. ಆದರೂ ಪ್ರತಿಸಲ ಉತ್ತರ ಬಾರದಿದ್ದಾಗ ನಾನು ಆ ಗೇಟಿನ ಬಳಿ ನಿಂತಿರುತ್ತೇನೆ. ಸಂತೆಗೆ ಹೋದವಳು ಬರುವುದು ತಡವಾದರೆ ಬೀದಿಯ ತುದಿಗೆ ಹೋಗಿ ಕಾಯುತ್ತೇನೆ. ಅಕ್ಕಪಕ್ಕದವರಿಗೆ ಇದು ಪ್ರೀತಿ ಎಂದು ಕಾಣುತ್ತದೆ. ಪ್ರೀತಿಯೇ ಇರಬಹುದು, ಆದರೆ ಅದರಲ್ಲಿ ಮುಕ್ಕಾಲು ಪಾಲು ಭಯ.

ಆ ಭಯಕ್ಕೆ ನನ್ನ ಮದ್ದು ಒಂದೇ, ಮಾತು. ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಪಿಂಚಣಿ ತೆಗೆಯಲು ಬ್ಯಾಂಕಿನಲ್ಲಿ ಕೂತಾಗ. ಹೇಳುವಾಗಲೆಲ್ಲ ಕೊನೆಗೆ ಆ ಪದದ ವ್ಯಾಖ್ಯಾನವೂ ಇರುತ್ತಿತ್ತು. ನೋಡಿ, ಕಿವಿ ಕೇಳದವಳೂ ಹಾರ್ಕ್ ಮಾಡಬಲ್ಲಳು. ಅದು ಕಿವಿಯ ಕೆಲಸ ಅಲ್ಲ, ನಿಲ್ಲುವ ಕೆಲಸ. ನಿಂತಳು, ನಿಂತದ್ದರಿಂದ ಅವಳಿಗೆ ಆನೆಯ ವಾಸನೆ ಸಿಕ್ಕಿತು, ಬದುಕಿದಳು. ಜನ ತಲೆದೂಗುತ್ತಿದ್ದರು. ಇಂಗ್ಲಿಷಿನಲ್ಲಿ ಆ ಪದ ಈಗ ಬೇರೆಲ್ಲೂ ಉಳಿಯದೆ, ಹಿಂದಿನದನ್ನು ನೆನೆಯುವುದಕ್ಕೆ ಹೇಳುವ ಹಾರ್ಕ್ ಬ್ಯಾಕ್ ಎಂಬ ಒಂದು ಮಾತಿನಲ್ಲಿ ಮಾತ್ರ ಉಳಿದಿದೆ ಎಂಬುದನ್ನೂ ಸೇರಿಸುತ್ತಿದ್ದೆ. ಬೇಟೆನಾಯಿಗಳು ವಾಸನೆ ತಪ್ಪಿ ಗೊಂದಲಕ್ಕೆ ಬಿದ್ದಾಗ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಮತ್ತೆ ಹಿಡಿಯಿರಿ ಎಂದು ಬೇಟೆಗಾರರು ಹಾಗೆ ಕೂಗುತ್ತಿದ್ದರಂತೆ. ಕತ್ತಲೆಗೆ ಹೆದರುವುದನ್ನು ಬಿಟ್ಟ ಮೇಲೆ ಅವರಿಗೆ ಆ ಪದದ ಉಳಿದ ಅರ್ಧ ಬೇಡವಾಯಿತೇನೋ ಎಂದು ನನ್ನ ಊಹೆ. ಮೇಷ್ಟ್ರು ರಿಟೈರಾದರೂ ಪಾಠ ರಿಟೈರಾಗುವುದಿಲ್ಲ.

ಬಿದಿರು ಸೀಳಿದ ಆ ಬೆಳಿಗ್ಗೆಯ ಮೇಲೆ ಮೂರು ನಾಲ್ಕು ದಿನ ಕೂತು ಇಲ್ಲಿಯವರೆಗಿನದನ್ನು ಬರೆದೆ. ಬರೆದ ಹಾಳೆಗಳನ್ನು ಊಟದ ಮೇಜಿನ ಮೇಲೆ ಬಿಟ್ಟು ಹಾಲು ಹಾಕಿಸಿಕೊಂಡು ಬರಲು ಹೋಗಿದ್ದೆ. ವಾಪಸ್ಸು ಬಂದರೆ ರತ್ನ ಕನ್ನಡಕ ಹಾಕಿಕೊಂಡು ಅದನ್ನು ಓದುತ್ತಿದ್ದಳು. ಆಗ ನನಗೆ ಹೊಳೆಯಿತು. ಊರಿಗೆಲ್ಲ ಹೇಳಿದ ಈ ಕತೆಯನ್ನು ಅವಳು ಇದುವರೆಗೆ ಕೇಳಿಯೇ ಇರಲಿಲ್ಲ. ನಾನು ಹೇಳುವಾಗಲೆಲ್ಲ ಅವಳು ಪಕ್ಕದಲ್ಲೇ ಕೂತಿರುತ್ತಿದ್ದಳು, ನಾನು ಏನು ಹೇಳುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಯ ಹಾಳೆ ಮಗುಚಿಟ್ಟು ಅವಳು ಕನ್ನಡಕ ತೆಗೆದಳು.

"ವಾಸ್ನೆ ಗೀಸ್ನೆ ಏನೂ ಇಲ್ಲ ಕಣ್ರೀ," ಎಂದಳು. "ಅವತ್ತು ನಂಗೆ ನೆಗಡಿ ಆಗಿತ್ತು. ಮರದತ್ರ ನಿಂತೆ, ಎಲ್ರೂ ನಿಲ್ತಾರಲ್ಲ ಅಂತ. ಆಮೇಲೆ ಹೊರಟ್ನಲ್ಲ. ತಲೆ ಎತ್ತ್ ನೋಡಿದ್ರೆ ಗೇಟ್ ತಾವ ನೀವು."

ಹಾಳೆಗಳ ಅಂಚು ಜೋಡಿಸುತ್ತ ಅವಳು ಮುಂದುವರಿಸಿದಳು.

"ನನ್ನ ಕಂಡ್ರೆ ಅಷ್ಟು ದೂರದಿಂದ್ಲೇ ಕೈ ಬೀಸ್ಕೊಂಡು ಏನಾರಾ ಕೂಗ್ತಾ ಬರೋರು ನೀವು. ಅವತ್ತು ಕಂಬದಂಗೆ ನಿಂತಿದ್ರಿ. ಕೈ ಆಡ್ಲಿಲ್ಲ. ಏನೋ ಆಗಿದೆ ಅಂದ್ಕೊಂಡು ವಾಪಸ್ ಹೋದೆ."

ಮೆಳೆಯಲ್ಲಿ ಅಗಲವಾದ ಆ ಕಿವಿಗಳು ನನ್ನ ಕಣ್ಣಿಗೆ ಬಂದವು. ಮಾದಮ್ಮ ನನ್ನ ರಟ್ಟೆ ಹಿಡಿಯದಿದ್ದರೆ, ಗಂಟಲು ಒಣಗದಿದ್ದರೆ, ನಾನು ಎಂದಿನಂತೆ ಕೈ ಬೀಸಿದ್ದರೆ, ಅವಳು ಗಂಡ ಕರೆಯುತ್ತಿದ್ದಾನೆಂದು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಇಷ್ಟು ವರ್ಷ ನಾನು ಹೆದರಿದ್ದು ಆನೆಗೆ. ಇವತ್ತು ನನಗೆ ನನ್ನ ಎರಡು ಕೈಗಳನ್ನು ಕಂಡರೆ ಭಯವಾಯಿತು. ಹಾಲಿನ ಪಾತ್ರೆಯನ್ನು ಮೇಜಿನ ಮೇಲಿಟ್ಟೆ. ಹೇಳಲು ಏನೂ ತೋಚಲಿಲ್ಲ, ಸುಮ್ಮನೆ ನಿಂತೆ.

ರತ್ನಳ ಮುಖ ಬಿಳಿಚಿತು. ಅವಳು ಬೆನ್ನ ಹಿಂದೆ ತಿರುಗಿ ನೋಡಿದಳು, ಬಾಗಿಲ ಕಡೆ ನೋಡಿದಳು, ಮತ್ತೆ ನನ್ನ ಕಡೆ. ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸುಮ್ಕಿರಬ್ಯಾಡಿ ಅಂಗೆ," ಎಂದಳು. "ನೀವು ಸುಮ್ಕಾದ್ರೆ ನಂಗೆ ಈಗ್ಲೂ ಭಯ ಆಯ್ತದೆ. ಬಾಯಿ ಆಡ್ತಾ ಇದ್ರೆ ದಾರಿ ಸರಿಯಾಗಿ ಅದೆ ಅಂದ್ಕೊಳ್ತೀನಿ."

ಕೇಳದವಳ ಎದುರು ಕೂತು ದಿನವಿಡೀ ಮಾತಾಡುತ್ತೇನೆ ಎಂದು ಜನ ನನ್ನನ್ನು ನೋಡಿ ನಗುತ್ತಾರೆ. ನಾನೂ ಅದನ್ನು ನನ್ನ ಚಟ ಎಂದೇ ತಿಳಿದಿದ್ದೆ. ಅವಳು ಅದನ್ನು ಇಷ್ಟು ವರ್ಷ ಕಣ್ಣಿನಿಂದ ಕಾಯುತ್ತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಮಾತು ಬೇಕಿತ್ತು, ಯಾವುದಾದರೂ. ಹಾಲಿನವನು ಇವತ್ತು ತಡವಾಗಿ ಬಂದ ಎಂದೆ. ಪಕ್ಕದ ಬೀದಿಯ ಚಪ್ಪರ ಬಿಚ್ಚಿದ್ದಾರೆ ಎಂದೆ. ಅಕ್ಕಿ ಮುಗಿಯುತ್ತ ಬಂತು, ನಾಳೆ ಮಿಲ್ಲಿಗೆ ಹೋಗಬೇಕು, ಕೆ.ಆರ್. ನಗರದಿಂದ ನನ್ನ ತಮ್ಮ ಹೊಸ ಭತ್ತ ಕಳಿಸುತ್ತೇನೆಂದು ಹೇಳಿ ಇನ್ನೂ ಕಳಿಸಿಲ್ಲ, ಅವನ ಮಾತು ನಂಬುವ ಹಾಗಿಲ್ಲ ಎಂದೆ. ನನ್ನ ಕೈಗಳು ತಾವಾಗಿಯೇ ಮೇಲೆದ್ದು ಗಾಳಿಯಲ್ಲಿ ಆಡತೊಡಗಿದವು. ದನಿ ಮಾತ್ರ ನನ್ನ ಹಿಡಿತದಲ್ಲಿ ಇರಲಿಲ್ಲ, ಒಡೆಯುತ್ತಿತ್ತು. ಅದು ಅವಳಿಗೆ ಕೇಳಿಸುವುದಿಲ್ಲವಲ್ಲ. ಅವಳು ನನ್ನ ತುಟಿಗಳನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಕುರ್ಚಿಯ ತೋಳು ಬಿಟ್ಟು, ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಾನು ಮಾತಾಡುತ್ತಲೇ ಅವಳ ಹಿಂದೆ ಹೋದೆ.